ಚಾಚಾರ ನಗು ಯಾರ ಪಾಲಾಯಿತು

ಚಾಚಾ ನನ್ನ ನಕಲಿಗೆ ನಗುವುದನ್ನು ಬಿಟ್ಟದ್ದು ಅವರು ಆಸ್ಪತ್ರೆಯಿಂದ ಊರಿಗೆ ಮರಳಿದ ಮೇಲಿನ ನಾಲ್ಕನೇ ಸೋಮವಾರ. ಅವತ್ತು ನಾನು ವಾಡಿ ಸ್ಟೇಷನ್ನಿನ ಅನೌನ್ಸ್‌ಮೆಂಟನ್ನು ಮೂರು ಭಾಷೆಗಳಲ್ಲಿ ಮಾಡಿ ತೋರಿಸಿದ್ದೆ, ಮೂರನೆಯದರ ನಡುವೆ ಕರೆಂಟು ಹೋದಂತೆ. ಇದಕ್ಕೆ ನಗದ ಮನುಷ್ಯನನ್ನು ನಾನು ಸೇಡಂನಿಂದ ಶಹಾಬಾದ್‌ವರೆಗೆ ಎಲ್ಲೂ ಕಂಡಿರಲಿಲ್ಲ. ಚಾಚಾ ಮಂಚದ ಮೇಲೆ ಕುಳಿತು ನನ್ನನ್ನೇ ನೋಡಿದರು. ಮುಗಿದ ಮೇಲೂ ನೋಡುತ್ತಲೇ ಇದ್ದರು. ಆಮೇಲೆ ಸಣ್ಣ ದನಿಯಲ್ಲಿ, "ಛಲೋ ಆಯ್ತು ಬೇಟಾ" ಎಂದರು.

ನಕಲು ಮಾಡುವವನಿಗೆ ಛಲೋ ಆಯ್ತು ಅನ್ನಬಾರದು. ನಗಬೇಕು, ಇಲ್ಲವೇ ಬೈಯಬೇಕು. ನಾನು ಬ್ಯಾಗು ಎತ್ತಿಕೊಂಡು ಹೊರಬಿದ್ದೆ. ಗಲ್ಲಿ ದಾಟುವಷ್ಟರಲ್ಲಿ ತೀರ್ಮಾನವೂ ಆಗಿಹೋಗಿತ್ತು: ಇದು ಗುರುವಾರ ಇದೇ ಮನೆಗೆ ಬರುವ ಚಿಂಚೋಳಿ ಸಿಸ್ಟರಿನ ಕೆಲಸ.

ನಾನು ನರ್ಸು. ಹೈದರಾಬಾದಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಚಿಕಿತ್ಸೆ ಮುಗಿಸಿ ನಮ್ಮ ಕಡೆಗೆ ಮರಳಿದ ರೋಗಿಗಳನ್ನು ಮನೆಗೇ ಹೋಗಿ ನೋಡಿ ವರದಿ ಕಳಿಸುವುದು ನನ್ನ ಕೆಲಸ. ಗಂಡು ನರ್ಸನ್ನು ಎಲ್ಲರೂ ಬ್ರದರ್ ಎನ್ನುತ್ತಾರೆ. ನನ್ನ ತಾಯಿ ಕೂಡ ಸಿಟ್ಟು ಬಂದಾಗ ಹಾಗೆಯೇ ಕರೆಯುತ್ತಾಳೆ. ಊರಿಗೆಲ್ಲ ಚಾಚಾ ಆದ ಇವರು ನನ್ನ ರೋಗಿಗಳಲ್ಲೊಬ್ಬರು, ನೆಲಕ್ಕೆ ಹಾಸುವ ಶಹಾಬಾದಿನ ಫರಸಿ ಕಲ್ಲಿನ ಮೇಲೆ ಅಕ್ಷರ ಕೆತ್ತುವವರು. ಮನೆಯ ಹೆಸರು, ಅಂಗಡಿಯ ಹೆಸರು, ಗೋರಿಯ ಮೇಲಿನ ಹೆಸರು, ಕನ್ನಡದಲ್ಲಾದರೂ ಸೈ, ಉರ್ದುವಿನಲ್ಲಾದರೂ ಸೈ. ಊರಿನ ಅರ್ಧ ಬಾಗಿಲುಗಳ ಪಕ್ಕದಲ್ಲಿ ಅವರ ಕೈ ಇದೆ.

ಅವರಿಗೆ ಮೂಳೆಯೊಳಗಿನ ಮಜ್ಜೆಯ ಕ್ಯಾನ್ಸರ್. ಮೊದಲು ಅವರದೇ ಸ್ಟೆಮ್ ಸೆಲ್‌ಗಳನ್ನು ತೆಗೆದಿಟ್ಟು, ಜೋರು ಔಷಧಿ ಕೊಟ್ಟು, ಮತ್ತೆ ಒಳಗೆ ಬಿಟ್ಟಿದ್ದರು. ಎರಡು ವರ್ಷ ಸುಮ್ಮನಿದ್ದ ರೋಗ ಮತ್ತೆ ಎದ್ದಿತು. ಆಗ ಹೊಸ ಚಿಕಿತ್ಸೆ. ರಕ್ತದಿಂದ ರೋಗದ ವಿರುದ್ಧ ಹೋರಾಡುವ ಕೋಶಗಳನ್ನು ತೆಗೆದು, ಲ್ಯಾಬಿನಲ್ಲಿ ಅವುಗಳಿಗೆ ಕ್ಯಾನ್ಸರ್ ಕೋಶದ ಗುರುತು ಹಿಡಿಯುವುದನ್ನು ಕಲಿಸಿ, ಹೆಚ್ಚಿಸಿ, ಸಲಾಯಿನ್ ಬಿಟ್ಟ ಹಾಗೆ ಒಳಗೆ ಬಿಡುವುದು. ಈ ಕೋಶಗಳು ಉತ್ಸಾಹ ಹೆಚ್ಚಾದರೆ ಜ್ವರ ತರುತ್ತವೆ, ಕೆಲವರ ಮಿದುಳಿನ ತಂಟೆಗೂ ಹೋಗುತ್ತವೆ. ಮಾತು ತಡವರಿಸುತ್ತದೆ, ದಿಕ್ಕು ತಪ್ಪುತ್ತದೆ, ಫಿಟ್ಸ್ ಬರಬಹುದು. ಬಹಳಷ್ಟು ಸಲ ಇದು ಮೊದಲ ವಾರಗಳಲ್ಲೇ ಆಗುವಂಥದ್ದು. ಚಾಚಾರಿಗೆ ಮೂರು ದಿನ ಜ್ವರ ಬಂತು, ಹೋಯಿತು. ತಿಂಗಳಾದ ಮೇಲೆ ಊರಿಗೆ ಬಿಟ್ಟರು.

ಮನೆಯಲ್ಲಿ ನಾವು ಮಾಡುವ ಪರೀಕ್ಷೆಗೆ ಹತ್ತು ಅಂಕ. ವರ್ಷ, ತಿಂಗಳು, ಊರು, ಆಸ್ಪತ್ರೆ ಹೇಳಿದರೆ ನಾಲ್ಕು. ಪೆನ್ನು, ಗಡಿಯಾರ, ಗುಂಡಿ ತೋರಿಸಿದಾಗ ಹೆಸರು ಹೇಳಿದರೆ ಮೂರು. ಕಣ್ಣು ಮುಚ್ಚಿ ನಾಲಿಗೆ ಚಾಚು ಅಂದರೆ ಚಾಚಿದ್ದಕ್ಕೆ ಒಂದು. ನೂರರಿಂದ ಹತ್ತು ಹತ್ತು ಇಳಿಸುತ್ತ ಬಂದರೆ ಒಂದು. ಒಂದು ವಾಕ್ಯ ಬರೆದರೆ ಒಂದು. ಚಾಚಾ ಪ್ರತಿ ಸಲವೂ ಒಂದೇ ವಾಕ್ಯ ಬರೆಯುತ್ತಿದ್ದರು: "ನಮ್ಮ ಮನೆಯ ಮುಂದೆ ಬೇವಿನ ಗಿಡ ಇದೆ." ಕೊನೆಯಲ್ಲಿ ಅಂಕವಿಲ್ಲದ ಒಂದು ಕಾಲಂ: ಮುಖಭಾವ ಮತ್ತು ಮನಸ್ಥಿತಿ. ಅದರಲ್ಲಿ ಎಲ್ಲರೂ "ಸಹಜ" ಎಂದು ಬರೆಯುತ್ತೇವೆ.

ಸೋಮವಾರ ನನ್ನದು, ಗುರುವಾರ ಚಿಂಚೋಳಿ ಸಿಸ್ಟರಿನದು. ಆಕೆ ನನಗಿಂತ ನಾಲ್ಕು ವರ್ಷ ದೊಡ್ಡವಳು. ಚಿಂಚೋಳಿಯಿಂದ ಬಸ್ಸಿನಲ್ಲಿ ಸೇಡಂಗೆ ಬಂದು ಅಲ್ಲಿಂದ ರೈಲು ಹಿಡಿದು ಬಂದರೂ ಸೀರೆಯ ನೆರಿಗೆ ಅಲುಗಿರುವುದಿಲ್ಲ. ಮಾತು ಅಳೆದು ಆಡುತ್ತಾಳೆ. ಹೈದರಾಬಾದಿನ ದೊಡ್ಡ ಡಾಕ್ಟರು ಫೋನ್ ಮೀಟಿಂಗಿನಲ್ಲಿ ಆಕೆಯ ವರದಿಯನ್ನು ಓದಿ ಹೇಳುತ್ತಾರೆ. ನನ್ನ ವರದಿ ಬಂದಾಗ, "ಹಾಂ, ಮುಂದ" ಎನ್ನುತ್ತಾರೆ. ಆ "ಹಾಂ, ಮುಂದ" ನನ್ನ ಬತ್ತಳಿಕೆಯಲ್ಲಿ ಭಾಳ ಬೇಡಿಕೆಯ ಐಟಂ. ಮಾಡಿದಾಗೆಲ್ಲ ಜನ ನಗುತ್ತಾರೆ, ನನಗೆ ಮಾತ್ರ ಎದೆಯಲ್ಲಿ ಸಣ್ಣದೊಂದು ಮುಳ್ಳು ಆಡುತ್ತದೆ.

ವರದಿಯಲ್ಲಿ ಆಕೆ ಗೆಲ್ಲಲಿ, ಚಾಚಾ ನನ್ನವರು ಎಂದುಕೊಂಡಿದ್ದೆ. ಮೊದಲ ಮೂರು ಸೋಮವಾರ ಅವರು ನಕ್ಕದ್ದು ಅಷ್ಟಿಷ್ಟಲ್ಲ. ನಗುವಾಗ ಬಲಗೈಯಿಂದ ತೊಡೆಗೆ ಹೊಡೆದುಕೊಳ್ಳುತ್ತಿದ್ದರು, ಕಣ್ಣು ಪೂರ್ತಿ ಮುಚ್ಚುತ್ತಿತ್ತು. ಚಾಚಿಯನ್ನು ಒಳಗಿನಿಂದ ಕರೆದು, "ನೋಡ ಬಾ, ದವಾಖಾನಿಯವರು ಗುಳಿಗಿ ಮುಗೀತಂತ ನಾಟಕ ಕಂಪನಿ ಕಳಿಸ್ಯಾರ" ಎನ್ನುತ್ತಿದ್ದರು. ಅದೇ ಮನುಷ್ಯ ಸಿಸ್ಟರಿಗೆ ಅಂಗೈಯಗಲದ ಫರಸಿ ಕಲ್ಲಿನ ಮೇಲೆ ಆಕೆಯ ಹೆಸರು ಕೆತ್ತಿ ಕೊಟ್ಟಿದ್ದರು. ಆಕೆ ಅದರ ಫೋಟೋವನ್ನು ನನಗೆ ಕಳಿಸಿದಳು, ಜೊತೆಗೆ ಒಂದು ಮಾತೂ ಇಲ್ಲ. ಮಾತಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ನಾನು ಮರುವಾರ ಹೋಗಿ ನಾಚಿಕೆ ಬಿಟ್ಟು ನನಗೂ ಒಂದು ಬೇಕೆಂದೆ. ನಾಲ್ಕಕ್ಷರದ ಹೆಸರು, ಬೇಗ ಆಗ್ತದ ಎಂದು ಅವರು ಒಪ್ಪಿಕೊಂಡರು.

ಐದನೇ ಸೋಮವಾರ ಆ ಕಲ್ಲು ಗೋಡೆಗೆ ಒರಗಿತ್ತು. ಸೀಮೆಸುಣ್ಣದಲ್ಲಿ ನನ್ನ ಹೆಸರು ಬರೆದಿದ್ದರು, ಕೆತ್ತಿರಲಿಲ್ಲ. ಮೊದಲ ಅಕ್ಷರ ಇಡೀ ಅಡಿಕೆಯಷ್ಟು ದೊಡ್ಡದು, ಎರಡನೆಯದು ಅದರ ಅರ್ಧ, ಮೂರನೆಯದು ಇನ್ನೂ ಸಣ್ಣ, ಕೊನೆಯದು ಕಡಲೆಕಾಳಿನಷ್ಟು. ಬರೆಯುತ್ತ ಬರೆಯುತ್ತ ನನ್ನ ಮೇಲಿನ ಆಸಕ್ತಿಯೇ ಕರಗಿದ ಹಾಗಿತ್ತು. ಸಿಸ್ಟರಿನ ಹೆಸರಿನ ಆರೂ ಅಕ್ಷರಗಳು ದಾರ ಹಿಡಿದು ಬರೆದಷ್ಟು ಒಂದೇ ಸಮ ಇದ್ದದ್ದು ಫೋಟೋದಲ್ಲಿ ನೋಡಿದ್ದೆನಲ್ಲ. ಅವತ್ತು ನಾನು ನಕಲು ಮಾಡಲಿಲ್ಲ. ಬಿಪಿ ನೋಡಿದೆ, ರಕ್ತ ತೆಗೆದು ಐಸ್ ಡಬ್ಬಿಗೆ ಇಟ್ಟೆ, ಪ್ರಶ್ನೆ ಕೇಳಿದೆ. ಎಲ್ಲಕ್ಕೂ ಸರಿಯಾದ ಉತ್ತರ. ಹತ್ತಕ್ಕೆ ಹತ್ತು. ಕೊನೆಯ ಕಾಲಂನಲ್ಲಿ ಕೈ ತಾನಾಗಿ "ಸಹಜ" ಎಂದು ಬರೆಯಿತು. ಮುನಿಸಿಕೊಂಡ ಮನುಷ್ಯನ ಮುಖ ಹಾಗಿರುವುದು ಸಹಜವೇ ಅಲ್ಲವೇ ಎಂದುಕೊಂಡೆ.

ಹೊರಡುವಾಗ ಚಾಚಿ ಚಹಾ ಕೊಟ್ಟು, ದವಾಖಾನೆಯಿಂದ ಬಂದ ಮೇಲೆ ಇವರು ಭಾಳ ಶಾಂತ ಆಗ್ಯಾರ, ನಲವತ್ತು ವರ್ಷದಾಗ ಮೊದಲ ಸಲ ಮನ್ಯಾಗ ಜೋರು ಬಾಯಿ ಇಲ್ಲ ಎಂದು ಖುಷಿಪಟ್ಟರು. ಮಗ, ದೊಡ್ಡ ಬೇನೆಯಿಂದ ಎದ್ದವರಿಗೆ ಸುಸ್ತು ಇರ್ತದ ಎಂದ. ನಾನು ಅವರ ಮಾತನ್ನು ಬಿಟ್ಟು ನನ್ನ ಹೊಟ್ಟೆಕಿಚ್ಚಿನ ಮಾತನ್ನು ನಂಬಿದೆ. ಗುರುವಾರ ಈ ಮನೆ ಹೇಗಿರುತ್ತದೆ ಎಂದು ಊಹಿಸುತ್ತ ವಾಡಿ ತನಕ ಬಂದೆ. ಸಿಸ್ಟರ್ ಬಂದು ಕುಳಿತಿರುತ್ತಾಳೆ, ಚಾಚಾ ತೊಡೆ ಹೊಡೆದುಕೊಂಡು ನಗುತ್ತಿರುತ್ತಾರೆ. ಅಷ್ಟು ಗಂಭೀರ ಹೆಂಗಸು ಏನು ಹೇಳಿ ನಗಿಸುತ್ತಾಳೋ ಎಂಬುದು ಮಾತ್ರ ಹೊಳೆಯಲಿಲ್ಲ.

ತಿಂಗಳಿಗೊಮ್ಮೆ ನಾವಿಬ್ಬರೂ ವಾಡಿ ಸ್ಟೇಷನ್ನಿನಲ್ಲಿ ಸೇರಿ ಸಾಮಾನು ಹಂಚಿಕೊಳ್ಳುವುದು ರೂಢಿ. ಆರನೇ ವಾರದ ಶನಿವಾರ ಸೇರಿದೆವು. ಪ್ಲಾಟ್‌ಫಾರ್ಮಿನ ಚಹಾದ ಅಂಗಡಿಯ ಮುಂದಿನ ಬೆಂಚಿನ ಮೇಲೆ ಸಿಮೆಂಟ್ ಧೂಳು ಎಂದಿನಂತೆ ಹಾಸಿಕೊಂಡಿತ್ತು. ಆಕೆ ಕರ್ಚೀಫು ಹಾಸಿ ಕುಳಿತಳು, ನಾನು ಧೂಳಿನ ಮೇಲೆಯೇ. ನನಗೆ ಚುಚ್ಚಬೇಕಿತ್ತು. ನಿಮ್ಮ ಚಾಚಾ ನನ್ನ ಮುಂದೆ ಹೇಗೆ ಕೂರುತ್ತಾರೆ ತೋರಿಸಲೇ ಎಂದು ಶುರು ಮಾಡಿದೆ.

ಮುಖವನ್ನು ಬರೆಯುವ ಪಾಟಿಯಂತೆ ಚಪ್ಪಟೆ ಮಾಡಿದೆ. ಕಣ್ಣು ಮಿಟುಕಿಸುವುದನ್ನು ನಿಲ್ಲಿಸಿದೆ. ದನಿಯನ್ನು ಗಂಟಲಲ್ಲೇ ಬಿಟ್ಟು "ಛಲೋ ಆಯ್ತು ಬೇಟಾ" ಎಂದೆ. ಆಮೇಲೆ ಬೆಂಚಿನಿಂದ ಎದ್ದೆ. ಮೊದಲ ಸಲ ಏಳಲಾಗದೆ ಕುಳಿತು, ಎರಡನೇ ಸಲ ಎದ್ದೆ. ಸಣ್ಣ ಸಣ್ಣ ಹೆಜ್ಜೆ ಇಡುತ್ತ ಹೋಗಿ ತಿರುಗುವಾಗ ಇಡೀ ಮೈಯನ್ನು ಒಟ್ಟಿಗೇ ತಿರುಗಿಸಿದೆ. ಬಲಗೈ ಪಕ್ಕೆಗೆ ಅಂಟಿತ್ತು. ಸಿಸ್ಟರ್ ಸೆರಗು ಬಾಯಿಗಿಟ್ಟು ನಕ್ಕಳು. ಚಹಾದವನೂ ನಕ್ಕ. ನನಗೆ ಹಿತವಾಯಿತು. ಆಕೆ ಒಮ್ಮೆಲೇ ಬಾಯಿಂದ ಸೆರಗು ತೆಗೆದಳು.

"ಬ್ರದರ್, ಇನ್ನೊಮ್ಮೆ ಮಾಡು."

ಇಷ್ಟು ಬೇಗ ಮರುಪ್ರದರ್ಶನಕ್ಕೆ ಕರೆ ಬಂದದ್ದು ನನ್ನ ಜೀವನದಲ್ಲಿ ಅದೇ ಮೊದಲು. ಇನ್ನೂ ಚೊಕ್ಕವಾಗಿ ಮಾಡಿದೆ. ಆಕೆ ನಗಲಿಲ್ಲ.

"ಬಲಗೈ ಯಾಕ ಬೀಸಲ್ಲ ನೀ?"

"ಅವರು ಬೀಸಲ್ಲ, ಅದಕ್ಕ."

"ಯಾವಾಗಿಂದ?"

ನನಗೆ ಗೊತ್ತಿರಲಿಲ್ಲ. ಅವರು ಕೈ ಬೀಸುವುದಿಲ್ಲ ಎಂಬುದೇ ಆ ಕ್ಷಣದವರೆಗೆ ನನಗೆ ಗೊತ್ತಿರಲಿಲ್ಲ. ನನ್ನ ಮೈ ಅದನ್ನು ನೋಡಿ ಇಟ್ಟುಕೊಂಡಿತ್ತು, ತಲೆ ಕಲ್ಲಿನ ಮೇಲಿನ ಸೀಮೆಸುಣ್ಣದಲ್ಲಿ ಸಿಕ್ಕಿಕೊಂಡಿತ್ತು. ಅವರು ನಿನ್ನ ಮುಂದೆ ನಗುವುದಿಲ್ಲವೇ ಎಂದು ಸಿಸ್ಟರ್ ಕೇಳಿದಳು. ನಿಮ್ಮ ಮುಂದೆ ನಗುತ್ತಾರಲ್ಲ, ಸಾಕಲ್ಲ ಎಂದೆ. ಆಕೆ ಚಹಾದ ಕಪ್ಪನ್ನು ಬೆಂಚಿನ ಮೇಲಿಟ್ಟಳು.

"ನನ್ನ ಮುಂದ ನಕ್ಕು ಮೂರು ವಾರ ಆಯ್ತು. ಬ್ರದರ್ ಸೋಮವಾರ ಬಂದು ಇದ್ದ ನಗು ಎಲ್ಲಾ ಖಾಲಿ ಮಾಡಿ ಹೋಗ್ತಾನ, ನನಗೇನ್ ಉಳೀತದ ಅಂತ ಸುಮ್ಮಕಿದ್ದೆ. ಖರೆ ಹೇಳ್ತೀನಿ, ನಿನ್ನ ಮ್ಯಾಲ ಭಾಳ ಹೊಟ್ಟಿಕಿಚ್ಚ ಬಂದಿತ್ತು."

ಚಿಂಚೋಳಿ ಸಿಸ್ಟರಿಗೆ ನನ್ನ ಮೇಲೆ ಹೊಟ್ಟೆಕಿಚ್ಚು. ಒಂದು ಗುಟುಕು ಚಹಾ ಕುಡಿಯುವಷ್ಟು ಹೊತ್ತು ನನಗಿಂತ ಸುಖಿ ವಾಡಿ ಜಂಕ್ಷನ್ನಿನಲ್ಲಿ ಯಾರೂ ಇರಲಿಲ್ಲ. ಗುಟುಕು ಇಳಿದ ಮೇಲೆ ಲೆಕ್ಕ ಹಾಕಿದೆ. ಹಾಗಾದರೆ ಮೂರು ವಾರದಿಂದ ಅವರು ಯಾರ ಮುಂದೆಯೂ ನಕ್ಕಿಲ್ಲ. ಆ ನಗು ಸೋಮವಾರಕ್ಕೂ ಇಲ್ಲ, ಗುರುವಾರಕ್ಕೂ ಇಲ್ಲ. ನಾವಿಬ್ಬರೂ ಅದು ಇನ್ನೊಬ್ಬರ ಮನೆಗೆ ಹೋಗಿದೆ ಎಂದು ಮುಖ ಗಂಟು ಹಾಕಿಕೊಂಡು "ಸಹಜ", "ಸಹಜ" ಎಂದು ಬರೆದು ಕಳಿಸಿದ್ದೆವು.

ಇಬ್ಬರ ಫೈಲುಗಳನ್ನೂ ಬೆಂಚಿನ ಮೇಲೆ ಬಿಚ್ಚಿದೆವು. ಅವರವರ ಹಾಳೆ ಅವರವರ ಬಳಿ ಇರುತ್ತಿತ್ತು, ಹೈದರಾಬಾದಿಗೆ ಹೋಗುತ್ತಿದ್ದದ್ದು ಅಂಕ ಮತ್ತು ಕೊನೆಯ ಕಾಲಂ ಮಾತ್ರ. ವಾಕ್ಯ ಬರೆದರೆ ಒಂದು ಅಂಕ, ಎಷ್ಟು ದೊಡ್ಡದಾಗಿ ಬರೆದರು ಎಂದು ಯಾರೂ ಕೇಳಿರಲಿಲ್ಲ. ಸೋಮವಾರ, ಗುರುವಾರ, ಸೋಮವಾರ, ಗುರುವಾರ ಎಂದು ಜೋಡಿಸುತ್ತ ಹೋದಂತೆ ಬೇವಿನ ಗಿಡ ಕುಗ್ಗುತ್ತ ಬಂತು. ಕೊನೆಯ ಹಾಳೆಯಲ್ಲಿ "ಇದೆ" ಎಂಬುದು ಇರುವೆಯಂತೆ ಕೂತಿತ್ತು. ನನಗೆ ಗೋಡೆಗೆ ಒರಗಿದ ಕಲ್ಲು ನೆನಪಾಯಿತು.

ಡಾಕ್ಟರಿಗೆ ಏನು ಹೇಳುವುದು ಎಂಬುದು ಸುಲಭವಿರಲಿಲ್ಲ. ಈ ವಾರದಿಂದ ಮುಖಭಾವ ಬದಲಾಗಿದೆ ಎಂದು ಬರೆದರೆ ನಾವಿಬ್ಬರೂ ಚೊಕ್ಕವಾಗಿ ಉಳಿಯುತ್ತಿದ್ದೆವು. ಆದರೆ ಎಂದಿನಿಂದ ಎಂಬುದೇ ಡಾಕ್ಟರಿಗೆ ಬೇಕಾದದ್ದು. ಈ ಹಿಂದಿನ ಮೂರು ವಾರದ "ಸಹಜ" ಸುಳ್ಳು ಎಂದು ಬರೆದರೆ, "ಹಾಂ, ಮುಂದ" ಕೂಡ ನನ್ನ ಪಾಲಿಗೆ ಉಳಿಯುವುದು ಅನುಮಾನವಿತ್ತು. ಸಿಸ್ಟರ್ ಪೆನ್ನು ತೆಗೆದು ಮೊದಲು ತನ್ನ ಹಾಳೆಗಳ ಮೇಲೆ "ಸಹಜ"ವನ್ನು ಒಂದೊಂದಾಗಿ ಗೀಟು ಹಾಕಿ ಸಹಿ ಮಾಡತೊಡಗಿದಳು. ಅದರಲ್ಲೂ ಆಕೆಯೇ ಮುಂದಾದಳಲ್ಲ ಎಂದು ನನಗೆ ಮತ್ತೆ ಹೊಟ್ಟೆ ಉರಿಯಿತು. ಪೆನ್ನು ಕಸಿದುಕೊಂಡು ನಾನೂ ಹಾಕಿದೆ.

ಅಲ್ಲಿಂದಲೇ ವಿಡಿಯೋ ಕಾಲ್ ಮಾಡಿದೆವು. ಡಾಕ್ಟರು ಪೂರ್ತಿ ಕೇಳಿದರು, ಬೈಯಲಿಲ್ಲ. ಗೀಟು ಹಾಕಿದ ಹಾಳೆಗಳನ್ನು ಒಂದೊಂದಾಗಿ ಕ್ಯಾಮೆರಾಕ್ಕೆ ಹಿಡಿಯಲು ಹೇಳಿದರು. ಆಮೇಲೆ ನನಗೆ, ರೋಗಿ ಊರಿಗೆ ಬಂದಾಗ ಹೇಗೆ ನಡೆಯುತ್ತಿದ್ದರು, ಈಗ ಹೇಗೆ ನಡೆಯುತ್ತಾರೆ, ಎರಡನ್ನೂ ಮಾಡಿ ತೋರಿಸು ಎಂದರು. ಗೂಡ್ಸ್ ಗಾಡಿ ಹೋಗುತ್ತಿದ್ದ ಪ್ಲಾಟ್‌ಫಾರ್ಮಿನ ಮೇಲೆ ನಾನು ಎರಡು ಚಾಚಾ ಆಗಿ ನಡೆದೆ. ಯಾರೂ ನಗದ ನನ್ನ ಮೊದಲ ಪ್ರದರ್ಶನ. ಡಾಕ್ಟರು ನಾಳೆಯೇ ಕರೆತರಲು ಹೇಳಿದರು. ಹೀಗೆ ತಡವಾಗಿ, ದಿಕ್ಕು ತಪ್ಪದೆ, ಮಾತು ತಪ್ಪದೆ, ನಡೆಯಲ್ಲಿ ಮುಖದಲ್ಲಿ ಬರಹದಲ್ಲಿ ಮಾತ್ರ ಕಾಣಿಸಿಕೊಳ್ಳುವ ಅಡ್ಡ ಪರಿಣಾಮವೂ ಉಂಟು, ನಮ್ಮ ಹತ್ತು ಅಂಕದ ಪರೀಕ್ಷೆಗೆ ಅದು ಸಿಗುವುದಿಲ್ಲ ಎಂದರು.

ಅದೇ ಸಂಜೆ ಇಬ್ಬರೂ ಶಹಾಬಾದಿಗೆ ಹೋದೆವು. ಮಗ ಒಪ್ಪಲಿಲ್ಲ. ಪ್ರತಿ ವಾರ ಹತ್ತಕ್ಕೆ ಹತ್ತು ಎಂದು ನಾವೇ ಹೇಳಿ ಮಿಠಾಯಿ ತಿಂದು ಹೋಗಿದ್ದೆವಲ್ಲ, ಈಗ ಮತ್ತೆ ದವಾಖಾನೆ ಯಾಕೆ ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಚಾಚಾ ಮಂಚದ ಮೇಲೆ ಕುಳಿತು ನೋಡುತ್ತಿದ್ದರು. ಸಿಸ್ಟರ್ ಮಗನಿಗೆ ತಿಳಿಸಿ ಹೇಳುತ್ತಿದ್ದಾಗ ನಾನು ಹಾಳೆಗಳನ್ನು ಚಾಚಾರ ಕಾಲ ಬಳಿ ನೆಲದ ಮೇಲೆ ಸಾಲಾಗಿ ಹರಡಿದೆ. ನಲವತ್ತು ವರ್ಷ ಅಕ್ಷರದ ಉದ್ದ ಅಗಲ ಅಳೆದ ಕಣ್ಣು. ಅವರು ಬಾಗಿ, ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ನಿಧಾನವಾಗಿ ನೋಡಿದರು.

"ಈ ಕಡೀ ನಾಕು ಹಾಳಿ ನನ್ನವಲ್ಲ," ಎಂದರು. "ಯಾರೋ ನನ್ನ ಕೈ ನಕಲು ಮಾಡ್ಯಾರ."

ಆಮೇಲೆ ನನ್ನ ಕಡೆ ಮೈ ತಿರುಗಿಸಿ, "ನೀ ಮಾಡಿದೇನು?" ಎಂದು ಕೇಳಿದರು.

ಅದು ಚೇಷ್ಟೆಯೋ, ನಿಜವಾದ ಅನುಮಾನವೋ, ಹೆದರಿಕೆಯೋ, ನನಗೆ ತಿಳಿಯಲಿಲ್ಲ. ಆ ಮುಖದಲ್ಲಿ ಓದಲು ಏನೂ ಇರಲಿಲ್ಲ. ಎಲ್ಲರ ಮುಖ ಓದಿ ಹೊಟ್ಟೆ ಹೊರೆಯುವ ನಾನು ಅವರ ಮುಂದೆ ಅನಕ್ಷರಸ್ಥನಂತೆ ನಿಂತೆ. ನಾನಲ್ಲ ಚಾಚಾ ಎಂದೆ. ಅವರು ತಮ್ಮ ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡು, "ಹಂಗಾರ ನಡೀರಿ, ಹೋಗೋಣು" ಎಂದರು. ಮಗ ಬ್ಯಾಗು ತುಂಬಲು ಒಳಗೆ ಹೋದ.

ಮರುದಿನ ಬೆಳಗಿನ ರೈಲು. ವಾಡಿ, ಚಿತ್ತಾಪುರ, ಸೇಡಂ ಒಂದೊಂದಾಗಿ ಹಿಂದೆ ಸರಿದವು. ಹಿಂದೊಮ್ಮೆ ಚಾಚಾ ಈ ದಾರಿಯಲ್ಲಿ ಪ್ರತಿ ಸ್ಟೇಷನ್ನಿನ ಬೋರ್ಡಿನ ಅಕ್ಷರಗಳಿಗೂ ಅಂಕ ಕೊಡುತ್ತ ಹೋಗುತ್ತಿದ್ದರೆಂದು ಚಾಚಿ ಹೇಳಿದರು. ಅವತ್ತು ಅವರು ಬೋರ್ಡುಗಳನ್ನು ನೋಡಿದರು, ಅಂಕ ಕೊಡಲಿಲ್ಲ.

ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಮಾಡಿದರು, ಬೆನ್ನುಹುರಿಯ ಸುತ್ತಲಿನ ನೀರು ತೆಗೆದು ನೋಡಿದರು. ಸೋಂಕಿಲ್ಲ, ಪಾರ್ಶ್ವವಾಯು ಅಲ್ಲ, ಕ್ಯಾನ್ಸರ್ ಮಿದುಳಿಗೆ ಹೋಗಿಲ್ಲ ಎಂದು ಒಂದೊಂದನ್ನೇ ತಳ್ಳಿಹಾಕಿದರು. ಒಳಗೆ ಬಿಟ್ಟ ಕೋಶಗಳು ರಕ್ತದಲ್ಲಿ ಇನ್ನೂ ಬೇಕಾದ್ದಕ್ಕಿಂತ ಹೆಚ್ಚು ಇದ್ದವು. ನಡಿಗೆ, ಕೈಚಲನೆ ಹದದಲ್ಲಿಡುವ ಮಿದುಳಿನ ಆಳದ ಭಾಗದಲ್ಲಿ ಆ ಕೋಶಗಳಿಗೆ ಕ್ಯಾನ್ಸರಿನ ಗುರುತಿನಂಥದ್ದೇ ಏನೋ ಕಂಡಿರಬಹುದು ಎಂದರು ಡಾಕ್ಟರು. "ಇರಬಹುದು" ಎಂಬುದನ್ನು ಅವರು ಒತ್ತಿ ಹೇಳಿದರು. ಇಂಥದೇ ಲಕ್ಷಣದ ನಡುಕದ ರೋಗಕ್ಕೆ ಕೊಡುವ ಗುಳಿಗೆಯಿಂದ ಹೆಚ್ಚೇನೂ ಆಗಲಿಲ್ಲ. ಸ್ಟೀರಾಯ್ಡ್‌ನಿಂದ ಸ್ವಲ್ಪ ತಡೆಯಿತು. ಕೊನೆಗೆ ಆ ಕೋಶಗಳ ಸಂಖ್ಯೆಯನ್ನೇ ಇಳಿಸುವ ಔಷಧಿಯ ಮಾತು ಬಂತು. ಅವು ಇಳಿದರೆ, ಅವು ಕಾಯುತ್ತಿದ್ದ ಕ್ಯಾನ್ಸರ್ ಮತ್ತೆ ಏಳುವ ಭಯ. ಕೈ ಬೇಕೋ, ಕಾವಲು ಬೇಕೋ ಎಂದು ಡಾಕ್ಟರು ಮುಚ್ಚುಮರೆ ಇಲ್ಲದೆ ಕೇಳಿದರು. ಕೈ ಇಲ್ಲದೆ ಕಾವಲು ಕೂತು ನಾ ಏನ್ ಮಾಡಲಿ ಎಂದು ಚಾಚಾ ಕೇಳಿದರಂತೆ. ನಾನು ಹೊರಗೆ ರಕ್ತದ ಸೀಸೆ ಹಿಡಿದು ನಿಂತಿದ್ದೆ. ಒಳಗಿದ್ದದ್ದು ಸಿಸ್ಟರ್. ಅದನ್ನೂ ನಾನು ಇನ್ನೂ ಮರೆತಿಲ್ಲ.

ಆ ಔಷಧಿ ಕೊಟ್ಟರು, ಫಲ ಕಾಣಲು ಮೂರು ತಿಂಗಳು ಹಿಡಿಯಿತು. ಹೆಜ್ಜೆ ಉದ್ದವಾಗುತ್ತ ಬಂತು. ಬೇವಿನ ಗಿಡ ಇರುವೆಯಿಂದ ಬೆಳೆದು ಅಂಗಳದ ಗಿಡದಷ್ಟು ಆಗದಿದ್ದರೂ ಕುಂಡದ ಗಿಡದಷ್ಟಾಯಿತು. ನಾನು ಇದನ್ನು ಬರೆಯುವವರೆಗೆ ಕ್ಯಾನ್ಸರ್ ಸುಮ್ಮನಿದೆ. ನಮ್ಮ ಹಾಳೆಯಲ್ಲಿ ಈಗ ಎದ್ದು ಹತ್ತು ಹೆಜ್ಜೆ ನಡೆಸಿ ನೋಡುವುದು ಸೇರಿದೆ, ಎಲ್ಲರ ಬರಹವೂ ಒಂದೇ ಫೈಲಿನಲ್ಲಿ ಸಾಲಾಗಿ ಇರುತ್ತದೆ. ಹಿಂದಿನ ವಾರಗಳ ತಪ್ಪಿಗೆ ನಮ್ಮಿಬ್ಬರಿಗೂ ಒಂದೊಂದು ಎಚ್ಚರಿಕೆಯ ಪತ್ರ ಬಂತು. ಆಕೆಯದು ನನ್ನದಕ್ಕಿಂತ ಎರಡು ಸಾಲು ಚಿಕ್ಕದು. ನಾನು ಎಣಿಸಿದ್ದೇನೆ.

ಕಳೆದ ಸೋಮವಾರ ಇಬ್ಬರೂ ಒಟ್ಟಿಗೆ ಹೋದೆವು. ನನ್ನ ಹೆಸರಿದ್ದ ಕಲ್ಲನ್ನು ಚಾಚಾ ಒದ್ದೆ ಬಟ್ಟೆಯಿಂದ ಒರೆಸಿಬಿಟ್ಟಿದ್ದರು, ಮತ್ತೆ ಬರೆದಿರಲಿಲ್ಲ. ಮುಖ ಮಾತ್ರ ಇನ್ನೂ ಹಾಗೆಯೇ ಇತ್ತು. ನಾನು ವಾಡಿ ಸ್ಟೇಷನ್ ಮಾಡಿದೆ, "ಹಾಂ, ಮುಂದ" ಮಾಡಿದೆ, ಚಾಚಿ ಕಸಬರಿಗೆ ಹಿಡಿದು ಕೋಳಿ ಓಡಿಸುವುದನ್ನೂ ಮಾಡಿದೆ. ಚಾಚಾ ನೋಡಿದರು. ನನಗೆ ಬರುವುದೆಲ್ಲ ಖಾಲಿಯಾಯಿತು.

"ಕುಂದ್ರು ಬ್ರದರ್," ಎಂದು ಸಿಸ್ಟರ್ ಎದ್ದಳು.

ನನ್ನ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಬಾಗಿಲ ಹೊರಗೆ ಹೋದಳು. ಒಳಗೆ ಬರುವಾಗ ಬ್ಯಾಗು ತೂಗುತ್ತಿತ್ತು. ಗೋಡೆಯ ಕನ್ನಡಿಯಲ್ಲಿ ಕೂದಲು ನೋಡಿಕೊಂಡಳು. ಮಂಚದ ಬಳಿ ಬಂದು, "ಚಾಚಾ, ವರ್ಷ ಯಾವುದ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ, ಯಾರಾದರೂ ನಗುತ್ತಿದ್ದಾರೆಯೇ ಎಂದು ಹಸಿದವರಂತೆ ನೋಡಿದಳು. ನಾನು ಹಾಗೆ ನೋಡುತ್ತೇನೆಂದು ನನಗೆ ಗೊತ್ತೇ ಇರಲಿಲ್ಲ.

ಚಾಚಾರ ತುಟಿಯ ಎಡ ಮೂಲೆ ಮೊದಲು ಅಲುಗಿತು. ಬಲಕ್ಕೆ ಸುದ್ದಿ ತಲುಪಲು ಸ್ವಲ್ಪ ಹೊತ್ತಾಯಿತು. ಆಮೇಲೆ ಕಣ್ಣು ಮುಚ್ಚಿತು, ಬಲಗೈ ಮೇಲೆದ್ದು, ಒಂದು ತಾಳ ತಡವಾಗಿ, ತೊಡೆಯ ಮೇಲೆ ಬಿತ್ತು. ಚಾಚಿ ಒಳಗಿನಿಂದ ಹಿಟ್ಟಿನ ಕೈಯಲ್ಲೇ ಓಡಿ ಬಂದರು.

ಹಾಳೆ ತುಂಬುವ ಸರದಿ ನನ್ನದಾಗಿತ್ತು. ಹತ್ತಕ್ಕೆ ಹತ್ತು ಬರೆದೆ. ಕೊನೆಯ ಕಾಲಂಗೆ ಬಂದು ಪೆನ್ನು ಸ್ವಲ್ಪ ಹೊತ್ತು ತಡೆದೆ. ಈ ಸಲ ಕಂಡದ್ದನ್ನೇ ಬರೆಯಬೇಕಿತ್ತು. "ಮುಖಭಾವ: ಬೆಳಿಗ್ಗೆ ಹನ್ನೊಂದೂವರೆಗೆ ನಕ್ಕರು. ನಗಿಸಿದ್ದು ನಾನಲ್ಲ, ಸಿಸ್ಟರ್" ಎಂದು ಬರೆದು, ಸಹಿ ಹಾಕಿ, ಕಳಿಸಿದೆ.